ಹಳೆಯ ಶೆವರ್ಲೆ 350 ಇಂಜಿನ್ನಿಗೆ ರೋಲರ್ ಕ್ಯಾಮ್: ಕೊಟ್ಟ ಹಣಕ್ಕೆ ತಕ್ಕ ಫಲವಿದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮಿಶಿಗನ್‌ನಲ್ಲಿದ್ದೇನೆ. ನನ್ನ ಬಳಿ 1978ರ ಕಮಾರೊ ಇದೆ. ಇಂಜಿನ್ 350 ಘನ ಅಂಗುಲದ, ಅಂದರೆ 5.7 ಲೀಟರಿನ ವಿ8. ಕಳೆದ ತಿಂಗಳು ಒಂದು ಕಡೆಯಿಂದ ಟಕಟಕ ಸದ್ದು ಶುರುವಾಯಿತು. ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಲಿಫ್ಟರ್ (ಕ್ಯಾಮ್ ಎಂಬ ತಿರುಗುವ ದಂಡದ ಮೇಲೆ ಕುಳಿತು ವಾಲ್ವನ್ನು ಎತ್ತುವ ಸಣ್ಣ ಉರುಳೆ) ಹೊರತೆಗೆದು ನೋಡಿದರೆ, ತುಸುವೇ ಉಬ್ಬಿರಬೇಕಾದ ಅದರ ತಳ ತಟ್ಟೆಯಂತೆ ಕುಳಿಬಿದ್ದಿತ್ತು. ಆಯಿಲ್ ಫಿಲ್ಟರನ್ನು ಕತ್ತರಿಸಿ ಬಿಡಿಸಿದಾಗ ಮಡಿಕೆಗಳ ತುಂಬ ಬೆಳ್ಳಿಪುಡಿಯಂತೆ ಲೋಹದ ಕಣಗಳು ಹೊಳೆಯುತ್ತಿದ್ದವು. ಮತ್ತೆ ಫ್ಲಾಟ್ ಟ್ಯಾಪೆಟ್ ಕ್ಯಾಮನ್ನೇ, ಅಂದರೆ ಗಾಲಿಯಿಲ್ಲದ ಲಿಫ್ಟರುಗಳ ಮೇಲೆ ಜಾರುವಂಥದ್ದನ್ನೇ, ಹಾಕಿದರೆ ಕೆಲವು ನೂರು ಡಾಲರುಗಳಲ್ಲಿ ಮುಗಿಯುತ್ತದೆ. ರೋಲರ್, ಅಂದರೆ ತಳದಲ್ಲಿ ಗಾಲಿಯಿರುವ ಲಿಫ್ಟರುಗಳ ಬಗೆಯಾದರೆ, ಲಿಫ್ಟರ್, ಸ್ಪ್ರಿಂಗ್, ಪುಶ್‌ರಾಡ್ (ಲಿಫ್ಟರಿನ ಚಲನೆಯನ್ನು ಮೇಲಕ್ಕೆ ಒಯ್ಯುವ ಕಡ್ಡಿ) ಎಲ್ಲ ಸೇರಿ ಸಾವಿರ ದಾಟುತ್ತದೆ. ಬೇಸಿಗೆಯ ವಾರಾಂತ್ಯಗಳಲ್ಲಿ ಓಡಿಸುವ ಗಾಡಿ, 5500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಮೀರಿಸುವುದಿಲ್ಲ. ಅಷ್ಟು ಖರ್ಚು ಸಮರ್ಥನೀಯವೇ?

ಉತ್ತರ 1

ಅಶ್ವಶಕ್ತಿಯೊಂದನ್ನೇ ಲೆಕ್ಕ ಹಾಕಿದರೆ ನಿಮ್ಮ ಬಳಕೆಗೆ ವ್ಯತ್ಯಾಸ ದೊಡ್ಡದಲ್ಲ. ಫ್ಲಾಟ್ ಲಿಫ್ಟರಿನ ತಳದ ಮೇಲೆ ಲೋಬ್ (ಕ್ಯಾಮಿನ ಉಬ್ಬು) ಜಾರುತ್ತ ಹೋಗುವಾಗ, ವಾಲ್ವ್ ವೇಗವಾಗಿ ಏರಿದಷ್ಟೂ ಸ್ಪರ್ಶಬಿಂದು ಲಿಫ್ಟರಿನ ಅಂಚಿನತ್ತ ಸರಿಯುತ್ತದೆ. ಶೆವರ್ಲೆ ಲಿಫ್ಟರಿನ ವ್ಯಾಸ ಬರೀ 0.842 ಅಂಗುಲವಾದ್ದರಿಂದ ಆ ವೇಗಕ್ಕೆ ಅಲ್ಲೇ ಒಂದು ಎಲ್ಲೆ ಬೀಳುತ್ತದೆ. ಕ್ರೈಸ್ಲರ್‌ನ 0.904 ಅಂಗುಲದ ಲಿಫ್ಟರಿಗೆ ಇನ್ನಷ್ಟು ಚುರುಕಾದ ಲೋಬ್ ಒಗ್ಗುವುದು ಇದೇ ಕಾರಣಕ್ಕೆ. ಉರುಳುವ ಗಾಲಿಗೆ ಆ ಎಲ್ಲೆಯಿಲ್ಲ. ಆದ್ದರಿಂದ ಅಷ್ಟೇ ಡ್ಯುರೇಶನ್‌ನಲ್ಲಿ (ವಾಲ್ವ್ ತೆರೆದಿರುವ ಒಟ್ಟು ಅವಧಿ) ವಾಲ್ವನ್ನು ಹೆಚ್ಚು ಹೊತ್ತು ಪೂರ್ತಿ ತೆರೆದಿಡಬಹುದು, ಐಡಲ್ (ಗಾಡಿ ನಿಂತಿದ್ದಾಗಿನ ಇಂಜಿನ್ನಿನ ನಿಧಾನ ಓಟ) ಕೆಡಿಸಿಕೊಳ್ಳದೆ ನಡುವಣ ಆರ್‌ಪಿಎಂನಲ್ಲಿ ಟಾರ್ಕ್ ಪಡೆಯಬಹುದು. ಆದರೆ ವಾಲ್ವ್ ತನ್ನ ಸೀಟಿನಿಂದ ಏಳುವ ಮೊದಲ ಕ್ಷಣದಲ್ಲಿ ಫ್ಲಾಟ್ ಲಿಫ್ಟರೇ ಚುರುಕು. ಸಣ್ಣ ಕ್ಯಾಮ್‌ಗಳಲ್ಲಿ ರೋಲರಿನ ಮೇಲುಗೈ ಅಷ್ಟಾಗಿ ಕಾಣದಿರಲು ಅದೂ ಒಂದು ಕಾರಣ.

ನಾನು ರೋಲರ್ ಪರ ಮಾತಾಡುವುದು ಬೇರೆ ಕಾರಣಕ್ಕೆ, ಅದು ನಿಮ್ಮ ಫಿಲ್ಟರಿನಲ್ಲೇ ಸಿಕ್ಕಿದೆ. ಜಾರುವ ಲೋಹಕ್ಕೆ ರಕ್ಷಣೆ ಕೊಡುತ್ತಿದ್ದುದು ಆಯಿಲಿನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಗೊಳಿಸುವ ಸಾಧನ) ಹಾಳಾಗದಿರಲೆಂದು 2004ರ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಎಂ ದರ್ಜೆಯಲ್ಲಿ, 5ಡಬ್ಲ್ಯೂ-30ರಂತಹ ತೆಳು ಆಯಿಲುಗಳ ರಂಜಕವನ್ನು ಶೇಕಡ 0.08ಕ್ಕೆ ಮಿತಿಗೊಳಿಸಿದರು. ಅಂಗಡಿಯಲ್ಲಿ ಕೈಗೆ ಸಿಕ್ಕ ಡಬ್ಬಿಯನ್ನು ಸುರಿಯುವ ಅಭ್ಯಾಸ ಫ್ಲಾಟ್ ಟ್ಯಾಪೆಟ್‌ಗೆ ಒಗ್ಗುವುದಿಲ್ಲ.

ಉತ್ತರ 2

ಮೇಲಿನವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಸತು ಹೆಚ್ಚಿರುವ ಆಯಿಲ್ ಇಂದಿಗೂ ಸಿಗುತ್ತದೆ. ಹೊಸ ಕ್ಯಾಮ್‌ಗೆ ಸವೆತ ತಡೆಯುವ ಪೇಸ್ಟ್ ಸವರಿ, ಇಂಜಿನ್ ಹೊತ್ತಿದ ತಕ್ಷಣ 2000ದಿಂದ 2500 ಆರ್‌ಪಿಎಂಗೆ ಏರಿಸಿ, ಇಪ್ಪತ್ತು-ಮೂವತ್ತು ನಿಮಿಷ ಐಡಲ್‌ಗೆ ಇಳಿಸದೆ ಓಡಿಸಿದರೆ ಲಿಫ್ಟರ್ ಲೋಬಿನೊಂದಿಗೆ ಹೊಂದಿಕೊಳ್ಳುತ್ತದೆ. ಬಿಗಿ ಸ್ಪ್ರಿಂಗ್ ಇದ್ದರೆ ಒಳಗಿನ ಸ್ಪ್ರಿಂಗನ್ನು ಆ ಹೊತ್ತಿಗೆ ತೆಗೆದಿಡಬೇಕು. ಲಿಫ್ಟರುಗಳನ್ನು ಜೋಡಿಸುವ ಮುನ್ನ ಎರಡೆರಡನ್ನು ತಳಕ್ಕೆ ತಳ ತಾಗಿಸಿ ಬೆಳಕಿಗೆ ಹಿಡಿಯಿರಿ. ಅಲ್ಲಾಡಬೇಕು, ಅಂಚಿನಲ್ಲಿ ಬೆಳಕು ತೂರಬೇಕು. ಅಲ್ಲಾಡದ ಜೋಡಿಯನ್ನು ಅಂಗಡಿಗೆ ಹಿಂದಿರುಗಿಸಿ. ಆ ಉಬ್ಬು ಇಲ್ಲದಿದ್ದರೆ ಲಿಫ್ಟರ್ ತಿರುಗುವುದಿಲ್ಲ, ತಿರುಗದ ಲಿಫ್ಟರ್ ಕ್ಯಾಮನ್ನೇ ತಿಂದುಹಾಕುತ್ತದೆ.

ಇನ್ನು ರೋಲರ್ ಎಂದರೆ ಚಿಂತೆಯೇ ಇಲ್ಲ ಎನ್ನುವಂತಿಲ್ಲ. ಗಾಲಿಯೊಳಗಿನ ಸೂಜಿ ಬೇರಿಂಗ್ ಒಡೆದರೆ ಆ ಸೂಜಿಗಳೇ ಇಂಜಿನ್ನಿನೊಳಗೆ ಓಡಾಡುತ್ತವೆ. ಹಳೆಯ ಬ್ಲಾಕಿಗೆ ಲಿಂಕ್ ಬಾರ್ (ಎರಡೆರಡು ಲಿಫ್ಟರುಗಳನ್ನು ಜೋಡಿಸುವ ಪಟ್ಟಿ) ಇರುವ ಲಿಫ್ಟರ್, ಗಿಡ್ಡ ಪುಶ್‌ರಾಡ್, ಕ್ಯಾಮ್ ಮುಂದಕ್ಕೆ ಸರಿಯದಂತೆ ತಡೆಯುವ ಬಟನ್ ಬೇಕು. ಉಕ್ಕಿನ ಕ್ಯಾಮ್ ಆದರೆ ಅದಕ್ಕೆ ಹೊಂದುವ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಕಿಡಿ ಹಂಚುವ ಭಾಗ) ಗೇರ್ ಕೂಡ ಬೇಕು. ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಉತ್ತರ 3

ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಫಿಲ್ಟರಿನಲ್ಲಿ ಅಷ್ಟು ಲೋಹ ಕಂಡ ಮೇಲೆ ಕ್ಯಾಮ್ ಬದಲಿಸಿ ಮುಚ್ಚಿಬಿಡುವ ಮಾತೇ ಇಲ್ಲ. ಆ ಪುಡಿ ಬೇರಿಂಗುಗಳಿಗೂ ಹೋಗಿರುತ್ತದೆ, ಬ್ಲಾಕನ್ನು ಪೂರ್ತಿ ಬಿಚ್ಚಿ ತೊಳೆಯಲೇಬೇಕು. ಹೇಗೂ ಅಷ್ಟು ಕೆಲಸವಿದೆ ಎಂದಾದರೆ, 1996ರಿಂದ ಕೆಲವು ವರ್ಷ ಶೆವರ್ಲೆ ಪಿಕಪ್‌ಗಳಲ್ಲಿ ಬಂದ ವೋರ್ಟೆಕ್ 350 ಇಂಜಿನ್ನನ್ನು ಗುಜರಿಯಿಂದ ತರುವುದು ಲೇಸು. ಅದರಲ್ಲಿ ಕಾರ್ಖಾನೆಯೇ ಹೈಡ್ರಾಲಿಕ್ ರೋಲರ್ ಹಾಕಿದೆ. ಲಿಫ್ಟರುಗಳನ್ನು ಹಿಡಿದಿಡುವ ವ್ಯವಸ್ಥೆ, ಕ್ಯಾಮ್ ತಡೆಯುವ ಪ್ಲೇಟು ಎಲ್ಲವೂ ಬ್ಲಾಕಿನಲ್ಲೇ ಇರುವುದರಿಂದ ದುಬಾರಿ ಬದಲಿ ಲಿಫ್ಟರಿನ ಗೊಡವೆಯಿಲ್ಲ. ಸಿಲಿಂಡರ್ ಹೆಡ್‌ಗಳಂತೂ ನಿಮ್ಮ 1978ರವಕ್ಕಿಂತ ಬಹಳ ಉತ್ತಮ. ಆದರೆ ಆ ಹೆಡ್‌ಗಳಿಗೆ ಅವುಗಳದೇ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು. ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲ್ ಒಂದೇ ತುಂಡಿನದಾದ್ದರಿಂದ ನಿಮ್ಮ ಹಳೆಯ ಫ್ಲೆಕ್ಸ್‌ಪ್ಲೇಟ್ (ಇಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ತಟ್ಟೆ) ಹೊಂದುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ನಿನ್ನೆ ಆಯಿಲ್ ಪ್ಯಾನ್ ಇಳಿಸಿ ಒಂದು ಮೇನ್ ಕ್ಯಾಪ್ (ಕ್ರ್ಯಾಂಕ್‌ಶಾಫ್ಟ್ ಬೇರಿಂಗಿನ ಮುಚ್ಚಳ) ಬಿಚ್ಚಿದೆ. ಬೇರಿಂಗಿನ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿವೆ. ಶನಿವಾರ ಗುಜರಿಗೆ ಹೋಗುತ್ತೇನೆ. ನನ್ನದು ಕಾರ್ಬ್ಯುರೇಟರ್ ಗಾಡಿ. ವೋರ್ಟೆಕ್ ಬ್ಲಾಕಿನಲ್ಲಿ ಮೆಕ್ಯಾನಿಕಲ್ ಫ್ಯೂಯೆಲ್ ಪಂಪ್ ಕೂರಿಸಲು ಜಾಗವಿದೆಯೇ?

ಉತ್ತರ 3 ಬರೆದವರು

ಎಲ್ಲ ಬ್ಲಾಕುಗಳಲ್ಲೂ ಇರುವುದಿಲ್ಲ. ಬಲಗಡೆ ಮುಂಭಾಗದಲ್ಲಿ ನೋಡಿ. ಪಂಪ್ ಕೂರುವ ಜಾಗ ಕೊರೆದಿರದಿದ್ದರೆ ಎಲೆಕ್ಟ್ರಿಕ್ ಪಂಪಿನ ಖರ್ಚನ್ನೂ ಸೇರಿಸಿಕೊಂಡು ಚೌಕಾಸಿ ಮಾಡಿ.