ತುರ್ತು: 'ಲೀಸ್‌ಹೋಲ್ಡ್' ಮನೆಗೆ ಕನ್ನಡ ಏನು? ಭೋಗ್ಯವೋ ಗುತ್ತಿಗೆಯೋ?

ಎಲ್ಲರಿಗೂ ನಮಸ್ಕಾರ.

ಸಿಂಗಪುರದ ವಸತಿ ನೀತಿಯ ಮೇಲಿನ ಲೇಖನವೊಂದನ್ನು ಮಾಸಪತ್ರಿಕೆಯೊಂದಕ್ಕೆ ಅನುವಾದಿಸುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಪುಟ ಅಚ್ಚಿಗೆ ಹೋಗಬೇಕು. 'ಲೀಸ್‌ಹೋಲ್ಡ್' ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ.

ಸಂದರ್ಭ ಹೇಳುತ್ತೇನೆ. ಅಲ್ಲಿನ ನಿವಾಸಿಗಳಲ್ಲಿ ಹತ್ತಕ್ಕೆ ಎಂಟರಷ್ಟು ಜನ ಎಚ್‌ಡಿಬಿ ಎಂಬ ಸರ್ಕಾರಿ ವಸತಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿದ್ದಾರೆ. ಬಹುಪಾಲು ಮಂದಿ ಬಾಡಿಗೆಯವರಲ್ಲ, ದುಡ್ಡು ಕೊಟ್ಟು ಕೊಂಡವರು. ಸಾಮಾನ್ಯವಾಗಿ ಐದು ವರ್ಷ ವಾಸವಿದ್ದ ಮೇಲೆ ಮಾರಬಹುದು, ಮಕ್ಕಳಿಗೂ ಬಿಡಬಹುದು. ಆದರೆ ಕೊಂಡದ್ದು 99 ವರ್ಷಕ್ಕೆ ಮಾತ್ರ. ಅವಧಿ ತೀರಿದರೆ ಮನೆ ಮಂಡಳಿಗೆ ಹೋಗುತ್ತದೆ, ಪರಿಹಾರವಿಲ್ಲ. ನಾನು 'ಭೋಗ್ಯದ ಮನೆ' ಎಂದು ಬರೆದಿದ್ದೆ. ಸಂಪಾದಕರು 'ಗುತ್ತಿಗೆ' ಎಂದು ತಿದ್ದಿದ್ದಾರೆ. 'ಗುತ್ತಿಗೆ ಮನೆ' ಅಂದರೆ ಕಂಟ್ರಾಕ್ಟರು ಕಟ್ಟಿದ ಮನೆ ಎಂದಾಗುವುದಿಲ್ಲವೇ? ಶೀರ್ಷಿಕೆಯಲ್ಲೂ ಬರುವ ಪದ. ದಯವಿಟ್ಟು ಬೇಗ ತಿಳಿಸಿ.

*

ಭೋಗ್ಯ ಬೇಡವೇ ಬೇಡ. ಬೆಂಗಳೂರಲ್ಲಿ ಗೇಟಿಗೆ 'ಮನೆ ಭೋಗ್ಯಕ್ಕಿದೆ' ಎಂದು ಬೋರ್ಡು ನೇತುಹಾಕಿದರೆ ಅರ್ಥ ಒಂದೇ: ಇಡಿಗಂಟು ಕೊಡು, ಬಾಡಿಗೆಯಿಲ್ಲದೆ ಇರು, ಬಿಡುವಾಗ ಗಂಟು ವಾಪಸ್ ತಗೋ. ಕಾನೂನಿನ ಭಾಷೆಯಲ್ಲೂ ಭೋಗ್ಯ ಎಂದರೆ ಅಡಮಾನದ ಒಂದು ಬಗೆ. ಸಿಂಗಪುರದವನಿಗೆ ಕೊನೆಗೆ ಬಿಡಿಗಾಸೂ ಬರುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಓದುಗ ಪೂರಾ ತಿರುಗುಮುರುಗಾಗಿ ಅರ್ಥ ಮಾಡಿಕೊಳ್ಳುತ್ತಾನೆ. ಸಂಪಾದಕರು ಸರಿ.

*

ಗುತ್ತಿಗೆಯನ್ನು ಕಂಟ್ರಾಕ್ಟರುಗಳು ನುಂಗಿ ಎಷ್ಟೋ ಕಾಲವಾಯಿತು. ಗುತ್ತಿಗೆ ನೌಕರ, ಗುತ್ತಿಗೆದಾರ, ಗುತ್ತಿಗೆ ಕಾಮಗಾರಿ. ಇನ್ನು ಅದರಲ್ಲಿ ಮನೆ ಹುಡುಕುವುದೆಲ್ಲಿ?

ನಮ್ಮ ದಕ್ಷಿಣ ಕನ್ನಡದಲ್ಲಿ ಇದಕ್ಕೆ ಸಿದ್ಧಪದವೇ ಇದೆ: ಗೇಣಿ, ಅಂದರೆ ಒಡೆಯರ ನೆಲವನ್ನು ಪಾಲು ಕೊಟ್ಟು ಹಿಡಿಯುವುದು. ಮೂಲಗೇಣಿ ಎಂದರೆ ಶಾಶ್ವತ, ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದು. ಚಾಲಗೇಣಿ ಎಂದರೆ ಒಡೆಯರು ಇಟ್ಟಷ್ಟು ದಿನ. ಇವೆರಡರ ನಡುವೆ ಇಷ್ಟು ವರ್ಷ ಎಂದು ಗೊತ್ತುಮಾಡಿ ಕೊಡುವುದು ವಾಯಿದೆ ಗೇಣಿ. ಭೂಸುಧಾರಣೆಯ ಕಾಲಕ್ಕೆ ಡಿಕ್ಲರೇಶನ್ ಕೊಟ್ಟ ಯಾವ ಮನೆಯವರನ್ನು ಕೇಳಿದರೂ ವ್ಯತ್ಯಾಸ ಹೇಳುತ್ತಾರೆ. 99 ವರ್ಷದ್ದು ವಾಯಿದೆ ಗೇಣಿಯೇ. ಹಳೆಯ ದಾಖಲೆಗಳಲ್ಲಿರುವ ಪದ ಬಿಟ್ಟು ಹೊಸತು ಟಂಕಿಸುವ ಚಟ ಯಾಕೆ?

*

ವಾಯಿದೆ ಅರಬ್ಬಿ. ಭೋಗ್ಯ ಸಕ್ಕದ, ಅಂದರೆ ಸಂಸ್ಕೃತ. ಕನ್ನಡದ್ದನ್ನು ಕೇಳಿದರೆ ಒಬ್ಬರೂ ಕನ್ನಡದ್ದನ್ನು ಕೊಡುತ್ತಿಲ್ಲ. 'ಗಡುವೊಡೆತನ' ಎನ್ನಿ. ಗಡುವು ಇದೆ, ಒಡೆತನ ಇದೆ, ಹೇಳಬೇಕಾದ್ದೆಲ್ಲ ಅದರಲ್ಲಿದೆ.

*

ಅರಬ್ಬಿ ಅಂತ ವಾಯಿದೆ ತೆಗೀತೀರಾ? ಹಾಗಾದರೆ ಹಕ್ಕು ತೆಗೀರಿ, ಕಾನೂನು ತೆಗೀರಿ, ವಕೀಲರನ್ನೂ ತೆಗೀರಿ. ಕೋರ್ಟಿನ ಮೆಟ್ಟಿಲು ಹತ್ತಿದ ರೈತನ ಬಾಯಾಗ 'ವಾಯಿದೆ'ಯಷ್ಟು ಸಲೀಸಾಗಿ ಹೊರಳೋ ಪದ ಇನ್ನೊಂದಿಲ್ಲ. ಅದು ಅವನದು, ನಿಘಂಟಿನದಲ್ಲ.

ಹೋಗಲಿ, ನಮ್ಮ ಧಾರವಾಡ ಕಡೆ ಹೊಲ ಲಾವಣಿಗೆ ಹಿಡಿಯುತ್ತೇವೆ. ಗೇಣಿ ಅಂದರೆ ಅರ್ಧ ರಾಜ್ಯಕ್ಕೆ ತಿಳಿಯೋದಿಲ್ಲ, ಲಾವಣಿ ಅಂದರೆ ಉಳಿದರ್ಧ ಹಾಡು ಅಂದುಕೊಳ್ಳುತ್ತದೆ. ಅದಕ್ಕೇ ನಾನು ನಮ್ಮ ಪದ ಮುಂದೆ ಮಾಡುತ್ತಿಲ್ಲ. ಗಡುವೊಡೆತನ ಯಾರಿಗೂ ತಿಳಿಯೋದಿಲ್ಲ, ಆ ಒಂದು ವಿಷಯದಲ್ಲಿ ಅದು ಸಮಾನತೆ ಸಾಧಿಸಿದೆ.

*

ನಾನು ಸಿಂಗಪುರದಲ್ಲೇ ಇರುವವಳು. ಎಲ್ಲರೂ ಪದದ ಜಾತಿ ಕೇಳುತ್ತಿದ್ದೀರಿ, ವಸ್ತುವನ್ನು ನೋಡುತ್ತಿಲ್ಲ.

ಗೇಣಿ ಇಲ್ಲಿ ಹೊಂದುವುದಿಲ್ಲ. ಗೇಣಿಯೆಂದರೆ ವರ್ಷವರ್ಷ ಅಳೆಯಬೇಕಾದದ್ದು, ಅಕ್ಕಿಮುಡಿಯೋ ಹಣವೋ. ಎಚ್‌ಡಿಬಿ ಮನೆಯವರು ಪೂರ್ತಿ ಬೆಲೆ ಮೊದಲೇ ತೆರುತ್ತಾರೆ. ಆ ಹಣ ಹೆಚ್ಚಾಗಿ ಸಿಪಿಎಫ್‌ನಿಂದ, ಅಂದರೆ ಅವರದೇ ಭವಿಷ್ಯನಿಧಿಯಿಂದ ಬರುತ್ತದೆ. 1968ರಿಂದ ಅದಕ್ಕೆ ಅವಕಾಶವಿದೆ. ಮುಪ್ಪಿಗೆಂದು ಕೂಡಿಟ್ಟ ದುಡ್ಡೇ ಗೋಡೆಯಾಗಿ ನಿಂತಿರುವುದರಿಂದ ಈ 99 ವರ್ಷದ ಲೆಕ್ಕ ಇಲ್ಲಿ ಮನೆಮನೆಯ ಚಿಂತೆ. 2019ರ ನಿಯಮ ನೋಡಿ: ಹಳೆಯ ಮನೆ ಕೊಳ್ಳುವಾಗ, ಕೊಳ್ಳುವವರಲ್ಲಿ ಎಲ್ಲರಿಗಿಂತ ಕಿರಿಯರಿಗೆ 95 ತುಂಬುವವರೆಗೆ ಅವಧಿ ಉಳಿದಿರದಿದ್ದರೆ ಸಿಪಿಎಫ್ ಹಣ ಬಳಸುವುದಕ್ಕೆ ಕಡಿವಾಣ ಬೀಳುತ್ತದೆ.

ಅವಧಿ ಬರೀ ಕಾಗದದ ಮಾತಲ್ಲ. ಗೇಲಾಂಗ್ ಲೊರಾಂಗ್ 3ರಲ್ಲಿ 60 ವರ್ಷದ ಅವಧಿಯ 191 ಖಾಸಗಿ ಮನೆಗಳಿದ್ದವು. 2020ರ ಡಿಸೆಂಬರ್ 31ಕ್ಕೆ ಅವಧಿ ಮುಗಿಯಿತು. ಜಾಗ ಸರ್ಕಾರಕ್ಕೆ ಹೋಯಿತು, ಪರಿಹಾರ ಸಿಗಲಿಲ್ಲ. ಅದಕ್ಕೂ ಮೊದಲೇ, 2017ರಲ್ಲಿ, ಆಗ ರಾಷ್ಟ್ರೀಯ ಅಭಿವೃದ್ಧಿ ಸಚಿವರಾಗಿದ್ದ ಲಾರೆನ್ಸ್ ವಾಂಗ್ ಎಚ್ಚರಿಕೆ ಕೊಟ್ಟಿದ್ದರು: ಹಳೆಯ ಫ್ಲ್ಯಾಟುಗಳನ್ನೆಲ್ಲ ಸರ್ಕಾರ ಒಡೆದು ಹೊಸ ಮನೆ ಕೊಡುತ್ತದೆಂದು ನಂಬಿ ದುಬಾರಿ ಬೆಲೆ ಕೊಡಬೇಡಿ ಎಂದು. ಜನರ ಎದೆ ಧಸಕ್ಕೆಂದದ್ದು ಆಗ.

ಇನ್ನು ಪದ. ತಮಿಳು ಇಲ್ಲಿನ ಅಧಿಕೃತ ಭಾಷೆಗಳಲ್ಲೊಂದು. ಇಲ್ಲಿನ ತಮಿಳು ಪತ್ರಿಕೆಯಲ್ಲಿ ಇದಕ್ಕೆ ಬಳಸುವುದು 'ಕುತ್ತಗೈ'. ನಮ್ಮ ಗುತ್ತಿಗೆಯ ಒಡಹುಟ್ಟು ಅದು, ತೆಲುಗಿನಲ್ಲಿ ಗುತ್ತ. ಇದೇ ಮನೆಗಳಿಗೆ ಇದೇ ಊರಿನಲ್ಲಿ ಸೋದರಪದ ದಿನಾ ಅಚ್ಚಾಗುತ್ತಿರುವಾಗ ನಾವು ಅನುಮಾನಿಸುವುದೇಕೆ? ಕಂಟ್ರಾಕ್ಟರ ನೆನಪು ಬರುವುದು ಗುತ್ತಿಗೆ ಒಂಟಿಯಾಗಿ ನಿಂತಾಗ. ಹಿಂದೆ ವರ್ಷ ಇಡಿ, ಮುಂದೆ ಒಡೆತನ ಇಡಿ: '99 ವರ್ಷದ ಗುತ್ತಿಗೆ ಒಡೆತನ'. ಗಣಿಗಾರಿಕೆಯ ಸುದ್ದಿಯಲ್ಲಿ 'ಗಣಿ ಗುತ್ತಿಗೆ' ಓದಿದಾಗ ಯಾರೂ ತಬ್ಬಿಬ್ಬಾಗುವುದಿಲ್ಲವಲ್ಲ.

*

ಒಡೆತನವಾದರೆ ಗುತ್ತಿಗೆಯಲ್ಲ, ಗುತ್ತಿಗೆಯಾದರೆ ಒಡೆತನವಲ್ಲ. ಎರಡನ್ನೂ ಕಟ್ಟಿಹಾಕಿದರೆ ಅದು ಪದವಲ್ಲ, ರಾಜಿ ಪಂಚಾಯಿತಿ.

*

ಆ ತಿಕ್ಕಾಟ ಪದದ್ದಲ್ಲ ಸ್ವಾಮಿ, ನೀತಿಯದು. 1964ರಲ್ಲಿ ಯೋಜನೆ ತಂದಾಗಲೇ ಸರ್ಕಾರ ಅದನ್ನು ಮನೆ ಒಡೆತನದ ಯೋಜನೆ ಎಂದೇ ಕರೆಯಿತು. ವಲಸಿಗರೇ ತುಂಬಿದ ಊರಿನಲ್ಲಿ ಪ್ರತಿ ಸಂಸಾರಕ್ಕೂ ನೆಲದ ನಂಟು ಇರಬೇಕೆಂಬುದು ಅದರ ಹುರುಳು. ನೆಲ ಮಾತ್ರ ಸರ್ಕಾರದ ಕೈಯಲ್ಲೇ ಉಳಿಯಿತು. 'ಒಡೆತನ' ಬಿಟ್ಟರೆ ಅವರು ಕೊಟ್ಟದ್ದನ್ನು ಮುಚ್ಚಿಟ್ಟಂತೆ, 'ಗುತ್ತಿಗೆ' ಬಿಟ್ಟರೆ ಇಟ್ಟುಕೊಂಡದ್ದನ್ನು ಮುಚ್ಚಿಟ್ಟಂತೆ.

2009ರಿಂದ ಇನ್ನೊಂದು ವ್ಯವಸ್ಥೆಯೂ ಇದೆ. ವಯಸ್ಸಾದವರು ತಮಗೆ ಬೇಕಾಗುವಷ್ಟು ವರ್ಷ ಉಳಿಸಿಕೊಂಡು, ಮಿಕ್ಕ ವರ್ಷಗಳನ್ನು ಮಂಡಳಿಗೇ ಮಾರುತ್ತಾರೆ. ಬಂದ ಹಣ ಸಿಪಿಎಫ್ ಖಾತೆಗೆ ಸೇರಿ ತಿಂಗಳ ಪಿಂಚಣಿಗೆ ದಾರಿಯಾಗುತ್ತದೆ. ಮನೆ ಬಿಡಬೇಕಾಗಿಲ್ಲ. ಬರೀ ಗುತ್ತಿಗೆಯವನು ಹೀಗೆ ಮಾರಲಾರ. ಪೂರ್ಣ ಒಡೆಯನಿಗೆ ಮಾರಲು ವರ್ಷಗಳೇ ಇರುವುದಿಲ್ಲ.

*

ಗೇಣಿಯ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ಪಿಲ್ಲ. ಗೇಣಿಚೀಟು ಬರೆಸುವಾಗ ಮುಂಗಡ ಕೊಡುವ ಪದ್ಧತಿಯೂ ಇತ್ತು. ಆದರೆ ನಾಳೆಯ ಪುಟಕ್ಕೆ ನನ್ನ ತಕರಾರಿಲ್ಲ.

*

ಎಲ್ಲರಿಗೂ ಧನ್ಯವಾದ. ಲೇಖನದ ಮೈಯಲ್ಲಿ 'ಗುತ್ತಿಗೆ ಒಡೆತನ' ಹಾಕುತ್ತಿದ್ದೇನೆ, ಮೊದಲ ಸಲ ಬರುವಲ್ಲಿ ಹಣ ವಾಪಸ್ ಬರುವುದಿಲ್ಲವೆಂದು ಒಂದು ವಾಕ್ಯ ಸೇರಿಸಿದ್ದೇನೆ. ಶೀರ್ಷಿಕೆಗೆ '99 ವರ್ಷದ ಮನೆ' ಸಾಕೆಂದು ಸಂಪಾದಕರೂ ಒಪ್ಪಿದರು.

ಇನ್ನೊಂದೇ ಒಂದು. ಅವಧಿ ಕಡಿಮೆಯಾದಂತೆ ಮನೆಯ ಬೆಲೆ ಇಳಿಯುವುದಕ್ಕೆ ಮೂಲದಲ್ಲಿ 'ಲೀಸ್ ಡಿಕೇ' ಎಂದಿದೆ. 'ಗುತ್ತಿಗೆ ಕೊಳೆತ' ಎಂದು ಕರಡಿನಲ್ಲಿದೆ, ಓದಲಾಗುತ್ತಿಲ್ಲ.

*

ಕೊಳೆತ ತೆಗೆಯಿರಿ. 'ಅವಧಿ ಸವೆತ'.

*

ಸವೆತ ಒಪ್ಪಿದೆ. ಅವಧಿ ಸಕ್ಕದ.