ಭಾಗ್ಯ, ಕಿಟ್ಟಿಯ ಓಟದ ವಿಷಯ

ಭಾಗ್ಯ, ರಾತ್ರಿ ನೀನು ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಕಿಟ್ಟಿ ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಪರೀಕ್ಷೆಗೆ ಓದುತ್ತಿದ್ದಾನೆ, ದಿನಾ ಬೆಳಗ್ಗೆ ಎದ್ದು ಓಡುತ್ತಾನೆ, ಆದರೂ 1600 ಮೀಟರ್‌ಗೆ ಏಳೂವರೆ ನಿಮಿಷ ಆಗುತ್ತಿದೆ, ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲ್ಲ, ಏನು ಮಾಡಲಿ ಅಣ್ಣಾ ಅಂತ ಕೇಳಿದ್ದೀಯ. ಇದು ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ. ಉದ್ದ ಆದರೂ ಪೂರ್ತಿ ಕೇಳು. ಆಮೇಲೆ ಕಿಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಆಡಿಯೋ ಇನ್ನೊಂದು ಸಲ ಹಾಕು.

ಮೊದಲು ಒಂದು ಪ್ರಶ್ನೆ. ಅವನು ಮೊದಲ ಸುತ್ತು ಎಷ್ಟರಲ್ಲಿ ಮುಗಿಸುತ್ತಾನೆ? ಒಟ್ಟು ಟೈಮ್ ಕೇಳುತ್ತಿಲ್ಲ, ಮೊದಲ ಸುತ್ತು. ನನಗೆ ಗೊತ್ತು, ಅವನು ಅದನ್ನು ನೋಡಿಕೊಂಡೇ ಇರಲ್ಲ. ನಾನೂ ನೋಡಿಕೊಂಡಿರಲಿಲ್ಲ.

ಅಪ್ಪ ತೀರಿಕೊಂಡ ಮರುವರ್ಷ ನಾನು ಸಬ್ ಇನ್‌ಸ್ಪೆಕ್ಟರ್ ಓಟಕ್ಕೆ ಹೋಗಿದ್ದು ನಿನಗೆ ನೆನಪಿರಬೇಕು. ನೀನಾಗ ಏಳನೇ ಕ್ಲಾಸು. ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟನ್ನು ನೀನೇ ಬಸ್ಸಿನವರೆಗೂ ಹೊತ್ತು ತಂದಿದ್ದೆ. ನಾಲ್ಕು ತಿಂಗಳು ಕೆರೆ ಏರಿ ಮೇಲೆ ಒಬ್ಬನೇ ಓಡಿದ್ದೆ. ದಮ್ಮಿಗೆ ಕೊರತೆ ಇರಲಿಲ್ಲ. ಗ್ರೌಂಡಿನಲ್ಲಿ ಇಪ್ಪತ್ತು ಜನರನ್ನು ಒಂದೇ ಗೆರೆಯಲ್ಲಿ ನಿಲ್ಲಿಸಿದರು. ಬನಿಯನ್ ಮೇಲೆ ಬಟ್ಟೆ ನಂಬರು, ನಾಲ್ಕು ಮೂಲೆಗೂ ಪಿನ್ನು. ನನ್ನದೊಂದು ಪಿನ್ನು ಬಿಟ್ಟುಕೊಂಡು ಎದೆಗೆ ಚುಚ್ಚುತ್ತಿತ್ತು. ನನ್ನ ಜೊತೆಗೆ ಬಂದಿದ್ದ ಶಂಕ್ರಣ್ಣ ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ತಂತಿ ಬೇಲಿ ಆಚೆ ನಿಂತಿದ್ದ.

ಸೀಟಿ ಊದಿದರು. ಎಲ್ಲರೂ ಬಾಣದ ಹಾಗೆ ಹೊರಟರು, ನಾನೂ ಹೊರಟೆ. ಶಂಕ್ರಣ್ಣ ಬೇಲಿಯಿಂದ "ಮುಂದಕ್ಕೆ ಹೋಗೋ, ಮುಂದಕ್ಕೆ ಹೋಗೋ" ಅಂತ ಕೂಗಿದ. ಮೊದಲ ಸುತ್ತು ಮುಗಿದಾಗ ನಾನು ಎರಡನೆಯವನು. ಎಷ್ಟು ಖುಷಿ ಆಯಿತು ಅಂದರೆ, ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡೆ. ಎರಡನೇ ಸುತ್ತಿನಲ್ಲಿ ಗಂಟಲು ಒಣಗಿತು. ಮೂರನೆಯದರಲ್ಲಿ ತೊಡೆ ಕಲ್ಲಾಯಿತು, ಕಾಲು ಎತ್ತಿದರೂ ಮುಂದಕ್ಕೆ ಬೀಳುತ್ತಿಲ್ಲ. ಕೊನೆ ಸುತ್ತಿನಲ್ಲಿ ಒಬ್ಬ ಸಣಕಲು ಹುಡುಗ ನನ್ನ ಪಕ್ಕದಿಂದ ದಾಟಿ ಹೋದ. ಶುರುವಿನಲ್ಲಿ ಎಲ್ಲರಿಗಿಂತ ಹಿಂದೆ ಇದ್ದವನು. ಬಾಯಲ್ಲಿ ಸಣ್ಣಗೆ "ಒಂದು ಎರಡು ಮೂರು ನಾಲ್ಕು, ಒಂದು ಎರಡು ಮೂರು ನಾಲ್ಕು" ಅಂತ ಎಣಿಸಿಕೊಂಡೇ ಓಡುತ್ತಿದ್ದ. ಉಸಿರು ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಅವನು ಪಾಸಾದ. ನಾನು ಗೆರೆ ಮುಟ್ಟುವಾಗ ಸ್ಟಾಪ್‌ವಾಚ್ ಹಿಡಿದಿದ್ದವರು ಕೈ ಕೆಳಗಿಳಿಸಿ ಆಗಿತ್ತು. ಒಂಬತ್ತು ಸೆಕೆಂಡು ಲೇಟು. ನನ್ನ ನಂಬರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಗೀಟು ಎಳೆದರು, ಅಷ್ಟೇ. ಶಂಕ್ರಣ್ಣ ಚಪ್ಪಲಿಯನ್ನು ನನ್ನ ಕಾಲ ಹತ್ತಿರ ಇಟ್ಟ. ಅರಸೀಕೆರೆ ಬರುವವರೆಗೂ ಇಬ್ಬರೂ ಒಂದು ಮಾತಾಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಕಿಟ್ಟಿ, ಮೊದಲ ಸುತ್ತು ಜೋರಾಗಿ ಓಡಬೇಡ. ಪಕ್ಕದವನು ಹಾರಿ ಹೋಗಲಿ, ಬಿಡು. ಅಲ್ಲಿ ಮೊದಲು ಬಂದವನಿಗೆ ಬಹುಮಾನ ಕೊಡಲ್ಲ. ಟೈಮಿನೊಳಗೆ ಬಂದರೆ ಸಾಕು. ಲೆಕ್ಕ ನೋಡು. ಗಂಡುಮಕ್ಕಳಿಗೆ 1600 ಮೀಟರ್, 7 ನಿಮಿಷ. 400 ಮೀಟರ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು. ಸುತ್ತಿಗೆ 1 ನಿಮಿಷ 45 ಸೆಕೆಂಡು ಬಂತು. ನೀನು ಮೊದಲ ಮೂರನ್ನೂ 1 ನಿಮಿಷ 42 ಸೆಕೆಂಡಿನಲ್ಲಿ ಇಟ್ಟುಕೋ, ಕೊನೆಯದಕ್ಕೆ 9 ಸೆಕೆಂಡು ಹೆಚ್ಚಿಗೆ ಉಳಿಯುತ್ತದೆ. ನಾನು ಕಳೆದುಕೊಂಡಿದ್ದು ಅಷ್ಟೇ ಸೆಕೆಂಡು.

ಈಗ ಏಳೂವರೆ ಆಗುತ್ತಿದೆ ಅಂದರೆ ಸುತ್ತಿಗೆ ಏಳೆಂಟು ಸೆಕೆಂಡು ಜಾಸ್ತಿ, ಅಷ್ಟೇ ತಾನೆ? ಹೆದರುವಂಥದ್ದಲ್ಲ. ದಿನಾ ಪೂರ್ತಿ 1600 ಓಡಿ ಟೈಮ್ ನೋಡಿ ಅಳುವುದನ್ನು ಬಿಡು. ವಾರಕ್ಕೆ ಎರಡು ದಿನ ಒಂದೊಂದೇ ಸುತ್ತು ಓಡು, 1 ನಿಮಿಷ 40 ಸೆಕೆಂಡಿನಲ್ಲಿ. ಎರಡು ನಿಮಿಷ ನಡೆ, ಮತ್ತೆ ಓಡು. ಹೀಗೆ ನಾಲ್ಕೈದು ಸಲ. ಇನ್ನೆರಡು ದಿನ ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ ನಾಲ್ಕೈದು ಕಿಲೋಮೀಟರ್. ಒಂದು ದಿನ ಏನೂ ಬೇಡ. ಟಾರು ರಸ್ತೆ ಮೇಲೆ ಬೇಡ, ಮೊಣಕಾಲ ಕೆಳಗಿನ ಮೂಳೆ ನೋವು ಹಿಡಿದರೆ ತಿಂಗಳು ಹೋಗುತ್ತದೆ. ಭಾಗ್ಯ, ಅವನು ಬರಿ ಹೊಟ್ಟೆಯಲ್ಲಿ ಓಡದ ಹಾಗೆ ನೋಡಿಕೋ, ಒಂದು ಬಾಳೆಹಣ್ಣಾದರೂ ತಿನ್ನಲಿ. ಗುಂಡು ಎಸೆತವನ್ನೂ ಮರೆಯಬಾರದು, ಅದೂ ಇದೇ ಪರೀಕ್ಷೆಯಲ್ಲಿ ಇರುತ್ತದೆ. 7.26 ಕೆಜಿ ಗುಂಡು, 5.60 ಮೀಟರ್ ಎಸೆಯಬೇಕು. ಹುಡುಗರು ಓಟದ ಗುಂಗಿನಲ್ಲಿ ಅದನ್ನು ಮುಟ್ಟುವುದೇ ಇಲ್ಲ.

ಮತ್ತೆ ಹೇಳುತ್ತೇನೆ, ಬೇಜಾರಾಗಬೇಡ. ಮೊದಲ ಸುತ್ತು ಜೋರಾಗಿ ಓಡಬೇಡ. ಅವತ್ತು ಬೇಲಿ ಆಚೆ ಯಾರೇ ನಿಂತು ಕೂಗಲಿ, ನಾನೇ ಬಂದು ಕೂಗಿದರೂ ಕಿವಿಗೆ ಹಾಕಿಕೊಳ್ಳಬೇಡ. ಎಣಿಸಿಕೊಂಡು ಓಡು.

ಕೂಗುವವರ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಈ ಗ್ರೂಪಿನಲ್ಲಿ ಇರುವವರೆಲ್ಲ ಕೇಳಲಿ. ಶಂಕ್ರಣ್ಣನ ಮಗ 545 ಹುದ್ದೆಯ ಪಿಎಸ್‌ಐ ಪರೀಕ್ಷೆ ಬರೆದ. 2021ರ ಅಕ್ಟೋಬರ್ 3ನೇ ತಾರೀಕು. ಎರಡು ವರ್ಷ ಬಾಡಿಗೆ ರೂಮಿನಲ್ಲಿ ಅನ್ನ ಸಾರು ಮಾಡಿಕೊಂಡು ಓದಿದ ಹುಡುಗ. ಲಿಸ್ಟಿನಲ್ಲಿ ಹೆಸರು ಬಂತು. ನಾವೆಲ್ಲ ಸಿಹಿ ತಿಂದೆವು. ಆಮೇಲೆ ಅಕ್ರಮದ ಸುದ್ದಿ, ಓಎಂಆರ್ ಉತ್ತರದ ಶೀಟು ತಿದ್ದಿದ್ದು, ಬ್ಲೂಟೂತಿನಲ್ಲಿ ಉತ್ತರ ಹೇಳಿಕೊಟ್ಟಿದ್ದು, ಸಿಐಡಿ ತನಿಖೆ. 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆಯನ್ನೇ ರದ್ದು ಮಾಡಿದರು. ತಪ್ಪು ಮಾಡಿದವರ ಜೊತೆ ಮಾಡದವನೂ ಹೋದ. ಮರುಪರೀಕ್ಷೆ ಆಗಿದ್ದು 2024ರ ಜನವರಿ 23ಕ್ಕೆ. ಅಷ್ಟರಲ್ಲಿ ಅವನು ಮನೆ ನಡೆಸಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದ್ದ. ರಾತ್ರಿ ಓದಿ ಬರೆದ, ಆಗಲಿಲ್ಲ.

ಅದನ್ನೂ ಹೇಗೋ ನುಂಗಿಕೊಂಡೆವು. ಆದರೆ ನಮ್ಮವರ ಮನೆಯ ಮದುವೆಯಲ್ಲೇ, ಊಟದ ಪಂಕ್ತಿಯಲ್ಲಿ ಕೂತಿದ್ದಾಗ, ನಮ್ಮವರೇ ಅವನನ್ನು "ನೀನೆಷ್ಟು ಕೊಟ್ಟಿದ್ದೆ?" ಅಂತ ಕೇಳಿದರು. ಬಡಿಸಿದ ಎಲೆ ಮುಂದೆ ಎದ್ದು ಹೋದ ಹುಡುಗ. ಅವತ್ತಿನಿಂದ ಯಾರ ಮನೆ ಕಾರ್ಯಕ್ಕೂ ಬಂದಿಲ್ಲ. ಕೇಳಿದವರು ಯಾರು ಅಂತ ನಾನು ಹೇಳಲ್ಲ. ಅವರೂ ಇದೇ ಗ್ರೂಪಿನಲ್ಲಿ ಇದ್ದಾರೆ. ದಿನಾ ಬೆಳಗ್ಗೆ ಹೂವಿನ ಫೋಟೋ ಹಾಕುತ್ತಾರೆ. ಅವನಿಗೆ ಒಂದು ಫೋನ್ ಮಾಡಿ ತಪ್ಪಾಯ್ತು ಕಣಪ್ಪ ಅನ್ನಲು ಏನು ಕಷ್ಟ? ಶಂಕ್ರಣ್ಣ ಬಾಯಿಬಿಟ್ಟು ಹೇಳುವವನಲ್ಲ, ಅವನ ಸ್ವಭಾವ ನಿಮಗೆ ಗೊತ್ತಲ್ಲ. ನಾನು ಹೇಳುತ್ತಿದ್ದೇನೆ. ಕಿಟ್ಟಿಗೆ ಆ ಗತಿ ಬರಬಾರದು. ಅವನು ಪಾಸಾಗಲಿ ಫೇಲಾಗಲಿ, ಯಾರೂ ಹಾಗೆ ಕೇಳಕೂಡದು. ಭಾಗ್ಯ, ಯಾರಾದರೂ ಬಂದು "ನಮಗೆ ಗೊತ್ತಿರುವವರು ಇದ್ದಾರೆ, ಇಷ್ಟು ಕೊಟ್ಟರೆ ಆಗುತ್ತದೆ" ಅಂದರೆ ಬಾಗಿಲಲ್ಲೇ ಕಳಿಸು. ಕಾಫಿಯೂ ಬೇಡ.

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಇದನ್ನು ಹೇಳಲೆಂದೇ ಶುರು ಮಾಡಿದ್ದು. ಕಿಟ್ಟಿಯ ಜಾತಿ-ಆದಾಯ ಪತ್ರ ಯಾವಾಗ ಮಾಡಿಸಿದ್ದು? ಕಾಲೇಜಿಗೆ ಸೇರಿಸುವಾಗ ಮಾಡಿಸಿದ್ದಾದರೆ ಮುಗಿದಿರುತ್ತದೆ, ನಮ್ಮ ವರ್ಗದವರ ಪತ್ರಕ್ಕೆ 5 ವರ್ಷ ಅಷ್ಟೇ. ನಾಡಕಚೇರಿಯಲ್ಲಿ ಈಗಲೇ ಹೊಸದು ಮಾಡಿಸು. ಅರ್ಜಿ ಹಾಕುವ ಕೊನೆ ದಿನಕ್ಕಿಂತ ಮುಂಚಿನ ತಾರೀಕು ಅದರಲ್ಲಿ ಇರಬೇಕು. ಆಮೇಲೆ ತಂದುಕೊಡುತ್ತೇವೆ ಅಂದರೆ ಒಪ್ಪಲ್ಲ. ಅವನು ಒಂದರಿಂದ ಹತ್ತರವರೆಗೆ ನಮ್ಮೂರಲ್ಲೇ, ಕನ್ನಡದಲ್ಲೇ ಓದಿದವನು ಅಲ್ವಾ? ಗ್ರಾಮೀಣ ಅಭ್ಯರ್ಥಿ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಎರಡೂ ಕೇಳಬಹುದು. ಬೇರೆ ಬೇರೆ ನಮೂನೆ ಇರುತ್ತದೆ. ಗ್ರಾಮೀಣದ್ದಕ್ಕೆ ಹೆಡ್‌ಮಾಸ್ಟರ್ ಸಹಿ ಆದಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಆಗಬೇಕು. ಅವರು ಆಫೀಸಿನಲ್ಲಿ ಸಿಗುವ ದಿನ ನೋಡಿಕೊಂಡು ಹೋಗಬೇಕು, ಅದಕ್ಕೇ ಈಗಿನಿಂದಲೇ ಅನ್ನುತ್ತಿದ್ದೇನೆ.

ಓದಿನಲ್ಲಿ ಒಂದೇ ಮಾತು. ಎಲ್ಲರೂ 150 ಅಂಕದ ಎರಡನೇ ಪೇಪರಿಗೇ ಬಿದ್ದಿರುತ್ತಾರೆ. ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಗೊತ್ತಿಲ್ಲದ್ದಕ್ಕೆ ಸುಮ್ನೆ ಗುರುತು ಹಾಕಬಾರದು. ಮೊದಲ ಪೇಪರ್ 50 ಅಂಕ. ಪ್ರಬಂಧ, ಸಾರಾಂಶ, ಭಾಷಾಂತರ. ಪೆನ್ನು ಹಿಡಿದು ಬರೆದು ಅಭ್ಯಾಸ ಇಲ್ಲದಿದ್ದರೆ ಟೈಮೇ ಸಾಲಲ್ಲ. ದಿನಾ ಪೇಪರಿನಿಂದ ಒಂದು ಪ್ಯಾರಾ ಇಂಗ್ಲಿಷಿನಿಂದ ಕನ್ನಡಕ್ಕೆ, ಇನ್ನೊಂದು ಕನ್ನಡದಿಂದ ಇಂಗ್ಲಿಷಿಗೆ ಬರೆಯಲಿ. ಬರೆದದ್ದನ್ನು ಶಂಕ್ರಣ್ಣನ ಮಗನಿಗೆ ತೋರಿಸಲಿ. ನಾನು ಅವನ ಹತ್ತಿರ ನಿನ್ನೆಯೇ ಮಾತಾಡಿದ್ದೇನೆ, ಕಳಿಸು ಮಾವ ಅಂದ.

ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್ ಎರಡರಲ್ಲೂ ಹೆಸರು, ಇನಿಷಿಯಲ್ಲು ಒಂದೇ ತರ ಇದೆಯಾ ನೋಡು. ಎರಡರ ಫೋಟೋ ತೆಗೆದು ನನಗೆ ಬೇರೆಯಾಗಿ ಕಳಿಸು, ಗ್ರೂಪಿಗೆ ಹಾಕಬೇಡ. ಭಾನುವಾರ ಬೆಳಗ್ಗೆ ಐದೂವರೆಗೆ ಗ್ರೌಂಡಿಗೆ ನಾನೇ ಬರುತ್ತೇನೆ. ವಾಚ್ ನಾನು ಹಿಡಿಯುತ್ತೇನೆ, ಅವನು ಬರಿ ಓಡಲಿ.