‘ಸಹಬಾಳ್ವೆ’ ಇಲ್ಲಿ ಸರಿಹೋಗುತ್ತಾ? ನಿಯಾಂಡರ್ತಾಲರಿಗೆ ಒಂದು ಪದ ಬೇಕಿದೆ

ಗೆಳೆಯರಿಗೆ ನಮಸ್ಕಾರ.

ಮಕ್ಕಳ ಪತ್ರಿಕೆಯೊಂದಕ್ಕೆ ನಿಯಾಂಡರ್ತಾಲರ ಬಗ್ಗೆ, ಅಂದರೆ ಈಗ ಇಲ್ಲವಾಗಿರುವ ಇನ್ನೊಂದು ಮಾನವ ಕುಲದ ಬಗ್ಗೆ, ಎರಡು ಪುಟ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಗಾಡಿ ನಿಂತುಬಿಟ್ಟಿದೆ. “ನಮ್ಮ ಪೂರ್ವಜರೂ ನಿಯಾಂಡರ್ತಾಲರೂ ಯುರೋಪಿನಲ್ಲಿ ಕೆಲವು ಸಾವಿರ ವರ್ಷ ಸಹಬಾಳ್ವೆ ನಡೆಸಿದರು” ಅಂತ ಬರೆದಿದ್ದೆ. ಏಳನೇ ಕ್ಲಾಸಿನ ಮಗಳು ಓದಿ, “ಹಾಗಾದ್ರೆ ಅವರು ಜಗಳಾನೇ ಆಡ್ಲಿಲ್ವಾ ಅಪ್ಪಾ?” ಅಂದಳು.

ತಪ್ಪು ಅವಳದ್ದಲ್ಲ, ಪದದ್ದು. ಸಹಬಾಳ್ವೆ ಅಂದರೆ ಸಾಕು, ಅದರ ಮುಂದೆ ‘ಶಾಂತಿಯುತ’ ಅನ್ನೋದು ತಾನಾಗಿ ಕೇಳಿಸುತ್ತದೆ. ಪಂಚಶೀಲದ ಪಾಠದಿಂದ ಆಗಸ್ಟ್ 15ರ ಭಾಷಣದವರೆಗೆ ಇವೆರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ಬರುತ್ತವೆ. (ಅರಿಸಮಾಸ ಅಂತ ಮೂಗು ಮುರಿಯುವವರು ಮುರಿಯಲಿ, ನನ್ನ ತಕರಾರು ಅದಲ್ಲ.) ಸಹಬಾಳ್ವೆ ಅಂದಮೇಲೆ ಇಬ್ಬರಿಗೂ ಪರಿಚಯವಿತ್ತು, ಹೊಂದಿಕೊಂಡು ಹೋದರು ಅಂತಲೇ ಅರ್ಥ. ನೆಲದಲ್ಲಿ ಸಿಕ್ಕಿರುವ ಸಾಕ್ಷಿ ಅಷ್ಟೆಲ್ಲ ಹೇಳುವುದಿಲ್ಲ. ಇನ್ನು ‘ಸಹಜೀವನ’ ಬೇಡವೇ ಬೇಡ. ಪೇಪರಿನವರು ಅದನ್ನು ಮದುವೆಯಾಗದೆ ಜೊತೆಗಿರುವವರಿಗೆ ಕೊಟ್ಟುಬಿಟ್ಟಿದ್ದಾರೆ.

‘ಒಟ್ಟಿಗೆ ಬದುಕಿದ್ದರು’ ಅಂತ ಸುಮ್ನೆ ಬರೆದರೆ? ಅಲ್ಲೂ ತೊಡಕು. ನಮ್ಮಜ್ಜಿ ಗಾಂಧೀಜಿ ಬದುಕಿದ್ದ ಕಾಲದವರು. ಹಾಗಂತ ಗಾಂಧೀಜಿ ಜೊತೆ ಬದುಕಿದ್ದರು ಅನ್ನೋಕಾಗುತ್ತಾ?

ಕಾಲದ ಮಟ್ಟಿಗೆ ತಕರಾರು ಕಡಿಮೆ. 2014ರಲ್ಲಿ ಬಂದ ಕಾಲಗಣನೆಯ ಪ್ರಕಾರ ಯುರೋಪಿನಲ್ಲಿ ಈ ಎರಡೂ ಜನ 2,600ರಿಂದ 5,400 ವರ್ಷ ಏಕಕಾಲಕ್ಕೆ ಇದ್ದರು. ಸುಮಾರು 40,000 ವರ್ಷದ ಹಿಂದೆ ನಿಯಾಂಡರ್ತಾಲರು ಇಲ್ಲವಾದರು. ಇಷ್ಟಕ್ಕೆ ‘ಓರಗೆಯವರು’ ಸಾಕು ಅನ್ನಿಸುತ್ತದೆ. ಧಾರವಾಡದ ಕಡೆಯವರು ‘ವಾರಿಗೆ’ ಅಂತಾರಲ್ಲ, ಅದೇ. ಒಂದೇ ವಯಸ್ಸಿನ ಗೆಳೆಯರಿಗೆ ಹೇಳುವ ಮಾತನ್ನು ಎರಡು ಕುಲಗಳಿಗೆ ಹಚ್ಚಬಹುದೋ ಇಲ್ಲವೋ, ಹೇಳಿ.

ಜಾಗದ ವಿಷಯಕ್ಕೆ ಬಂದರೆ ಕಷ್ಟ ಜಾಸ್ತಿ. ಇಸ್ರೇಲಿನ ಕಾರ್ಮೆಲ್ ಬೆಟ್ಟದಲ್ಲಿ ಸ್ಖೂಲ್, ತಬೂನ್ ಅಂತ ಎರಡು ಗುಹೆಗಳಿವೆ. ಒಂದರಲ್ಲಿ ಸಿಕ್ಕಿದ್ದು ನಮ್ಮವರ ಮೂಳೆ, ಇನ್ನೊಂದರಲ್ಲಿ ನಿಯಾಂಡರ್ತಾಲ್ ಹೆಂಗಸಿನದು. ನಡುವೆ ಕೂಗಳತೆ ದೂರ, ಅಷ್ಟೇ. ಆದರೆ ಇಲ್ಲಿಂದ ಕೂಗಿದಾಗ ಅಲ್ಲಿ ಓಗೊಡಲು ಯಾರಾದರೂ ಇದ್ದರಾ? ಆ ಮೂಳೆಗಳ ವಯಸ್ಸಿನ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ನಡುವೆ ಸಾವಿರಾರು ವರ್ಷ ಬಿದ್ದಿರಲೂಬಹುದು. ಹಾಗಾಗಿ ‘ನೆರೆಹೊರೆ’ ಅನ್ನಲು ಧೈರ್ಯ ಬರುತ್ತಿಲ್ಲ.

ನನಗೆ ತುಂಬ ಹಿಡಿಸಿದ್ದು ಫ್ರಾನ್ಸಿನ ರೋನ್ ಕಣಿವೆಯ ಮಂದ್ರಾಂ ಗುಹೆ. ಪುರಾತತ್ವಜ್ಞ ಲುಡೋವಿಕ್ ಸ್ಲಿಮಾಕ್ ತಂಡ 2022ರಲ್ಲಿ ಅದರ ವಿವರ ಪ್ರಕಟಿಸಿತು. ಅಲ್ಲಿ 2014ರ ಲೆಕ್ಕಕ್ಕಿಂತಲೂ ಹಿಂದಿನ, ಸುಮಾರು 54,000 ವರ್ಷ ಹಳೆಯ ಪದರದಲ್ಲಿ ನಮ್ಮ ಕುಲದ ಮಗುವಿನ ಒಂದು ಹಾಲುಹಲ್ಲು ಸಿಕ್ಕಿದೆ. ಅದರ ಕೆಳಗಿನ ಪದರಗಳಲ್ಲೂ ಮೇಲಿನ ಪದರಗಳಲ್ಲೂ ಇದ್ದವರು ನಿಯಾಂಡರ್ತಾಲರು. ಅವರು ಹೋಗಿ ಇವರು ಬಂದದ್ದು ಎಷ್ಟು ದಿನಕ್ಕೆ ಅನ್ನೋದನ್ನು ಹೇಳಿದ್ದು ಹೊಗೆಮಸಿ! ಸೌದೆ ಒಲೆಯ ಅಡುಗೆಮನೆಯಲ್ಲಿ ಮಾಡಿಗೆ ಇಲ್ಲಣ ಕಟ್ಟುತ್ತಿತ್ತಲ್ಲ, ಹಾಗೇ ಗುಹೆಯ ಗೋಡೆಗೂ ಕಟ್ಟಿದೆ. ಬೆಂಕಿ ಇಲ್ಲದಾಗ ನೀರು ಜಿನುಗಿ ಅದರ ಮೇಲೆ ಸುಣ್ಣದ ತೆಳು ಬಿಳಿ ಪೊರೆ. ಮತ್ತೆ ಬೆಂಕಿ, ಮತ್ತೆ ಕಪ್ಪು ಗೆರೆ. ಗೋಡೆಯಿಂದ ಉದುರಿದ ಚಕ್ಕೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಮರದ ಉಂಗುರ ಎಣಿಸುವ ಹಾಗೆ ಈ ಗೆರೆಗಳನ್ನು ಎಣಿಸಿದ್ದಾರೆ. ನಿಯಾಂಡರ್ತಾಲರ ಕೊನೆಯ ಬೆಂಕಿಗೂ ನಮ್ಮವರ ಮೊದಲ ಬೆಂಕಿಗೂ ನಡುವೆ ಹೆಚ್ಚೆಂದರೆ ಒಂದು ವರ್ಷ.

ಇದನ್ನು ಸಹಬಾಳ್ವೆ ಅಂತೀರಾ? ಒಬ್ಬರು ಖಾಲಿ ಮಾಡಿದ ಬಾಡಿಗೆ ಮನೆಗೆ ಇನ್ನೊಬ್ಬರು ಬಂದ ಹಾಗಿದೆ. ಗೋಡೆಯ ಮಸಿ ಕೂಡ ಒರೆಸಿಲ್ಲ. ಇಲ್ಲಿ ನಮ್ಮ ‘ಒಕ್ಕಲು’ ಚೆನ್ನಾಗಿ ಕೂರುತ್ತದೆ. ಹೊಸಬರು ಗುಹೆಗೆ ಒಕ್ಕಲು ಬಂದರು. ಹಳಬರು ತಾವಾಗಿ ಹೋಗಿದ್ದರೋ, ಇವರು ಒಕ್ಕಲೆಬ್ಬಿಸಿದರೋ ಅನ್ನೋದನ್ನು ಮಸಿ ಹೇಳುವುದಿಲ್ಲ. ಒಂದೇ ಬೇರಿನಿಂದ ಎರಡೂ ಪ್ರಶ್ನೆ ಹುಟ್ಟುತ್ತವಲ್ಲ, ಆ ಖುಷಿಗೇ ಇಷ್ಟುದ್ದ ಬರೆದೆ.

ಆದರೆ ಈ ಎರಡೂ ಜನ ಒಬ್ಬರ ಮುಖ ಒಬ್ಬರು ನೋಡಿದ್ದಂತೂ ನಿಜ. 2002ರಲ್ಲಿ ರೊಮೇನಿಯಾದ ಒವಾಸೆ ಗುಹೆಯಲ್ಲಿ ನಮ್ಮ ಕುಲದ ಒಬ್ಬನ ದವಡೆ ಸಿಕ್ಕಿತು. ಸುಮಾರು 40,000 ವರ್ಷ ಹಳೆಯದು. 2015ರಲ್ಲಿ ಅವನ ಡಿಎನ್ಎ ಓದಿದಾಗ ಶೇಕಡಾ 6ರಿಂದ 9ರಷ್ಟು ನಿಯಾಂಡರ್ತಾಲರದ್ದು ಅಂತ ಗೊತ್ತಾಯಿತು. ಅಂದರೆ ನಾಲ್ಕರಿಂದ ಆರು ತಲೆಮಾರು ಹಿಂದೆ ಅವನ ಮನೆತನದಲ್ಲಿ ಒಬ್ಬ ನಿಯಾಂಡರ್ತಾಲ್ ಇದ್ದ, ಅಥವಾ ಇದ್ದಳು. ಆಫ್ರಿಕಾದ ಹೊರಗಿನವರಲ್ಲಿ, ನನ್ನಲ್ಲಿ ನಿಮ್ಮಲ್ಲಿ ಕೂಡ, ಶೇಕಡಾ 1ರಿಂದ 2ರಷ್ಟು ಅವರ ಅಂಶ ಇವತ್ತಿಗೂ ಉಳಿದಿದೆ.

ಈ ನಂಟಿಗೆ ಪದ ಯಾವುದು? ‘ಸಂಕರ’ ಬರೆದರೆ ವರ್ಣಸಂಕರದ ವಾಸನೆ ಹೊಡೆಯುತ್ತದೆ. ‘ಮಿಶ್ರತಳಿ’ ಹಸುವಿಗೆ, ಜೋಳಕ್ಕೆ. ‘ಬೆರಕೆ’ ಬೈಗುಳಕ್ಕೆ ಹತ್ತಿರ. ‘ಹೆಣ್ಣು ಕೊಟ್ಟು ತಂದರು’ ಅಂದರೆ ಮಾತುಕತೆ, ಒಪ್ಪಿಗೆ, ಊಟ ಎಲ್ಲ ನಡೆದ ಹಾಗಾಗುತ್ತದೆ. ಕೊನೆಗೆ “ಅವರಿಗೂ ನಮ್ಮವರಿಗೂ ಮಕ್ಕಳಾದವು” ಅಂತ ಬರೆದೆ. ಮಗಳು ಎರಡನೇ ಸಲ ಏನೂ ಕೇಳಲಿಲ್ಲ.

ಹೆಸರಿನ ಬಗ್ಗೆಯೂ ಒಂದು ಮಾತು. ‘ಥಾಲ್’ ಬೇಡ, ‘ತಾಲ್’ ಇರಲಿ ಅಂತ ನನ್ನ ಮತ. ಜರ್ಮನ್ನಿನಲ್ಲಿ ಅದು ಕಣಿವೆ. ಹಳೇ ಕಾಗುಣಿತದಲ್ಲಿ ‘ಹ’ಕಾರ ಇತ್ತು, ಉಚ್ಚಾರದಲ್ಲಿ ಇರಲಿಲ್ಲ. ನಿಯಾಂಡರ್ ಅನ್ನೋದು ಆ ಕಣಿವೆಗೆ ಬಂದ ಪಾದ್ರಿಯೊಬ್ಬರ ಮನೆತನದ ಹೆಸರು. ಗ್ರೀಕಿನಲ್ಲಿ ‘ಹೊಸ ಮನುಷ್ಯ’ ಅಂತ ಅರ್ಥ. ಹಳಬರಿಗೆ ಈ ಹೆಸರು, ನಮ್ಮವರಿಗೆ ‘ಆರಂಭಿಕ ಆಧುನಿಕ ಮಾನವ’! ಇದನ್ನು ಮಕ್ಕಳಿಗೆ ಹೇಗೆ ಬಿಡಿಸಿ ಹೇಳೋದು ಅಂತ ಬೇರೆ ಪತ್ರದಲ್ಲಿ ಕೇಳುತ್ತೇನೆ.

ಸದ್ಯಕ್ಕೆ ಇನ್ನೊಂದೇ ಸಂಶಯ. ಒವಾಸೆಯವನ ಆ ಹಿರಿಯರನ್ನು ಕರೆಯೋದು ಹೇಗೆ? ಅಪ್ಪ, ಅಜ್ಜ, ಮುತ್ತಜ್ಜ, ಅಲ್ಲಿಗೆ ನನ್ನ ಕನ್ನಡ ಮುಗಿಯುತ್ತದೆ. ಕರಾವಳಿಯ ಗೆಳೆಯರು ‘ಪಿಜ್ಜ’ ಅನ್ನೋದನ್ನು ಕೇಳಿದ್ದೇನೆ. ನಿಮ್ಮ ಮನೆಯಲ್ಲಿ ಅದು ಮುತ್ತಜ್ಜನೋ, ಅವರ ಅಪ್ಪನೋ?